ಮೂರನೇ ಸಾಕು

ಜ್ವರ ಬಂದದ್ದು ಎಲ್ಲರಿಗೂ ಗೊತ್ತಾಯಿತು. ಹಸಿವು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಹಲ್ಲುನೋವು ಶುರುವಾದದ್ದು ತಿಳಿಯುತ್ತದೆ, ಅದು ಯಾವ ಗಳಿಗೆಯಲ್ಲಿ ನಿಂತಿತು ಎಂದು ಕೇಳಿದರೆ ಯಾರಿಗೂ ಹೇಳಲು ಬರುವುದಿಲ್ಲ. ಇದೂ ಹಾಗೆಯೇ ಆಯಿತು. ಆ ಬೇಸಿಗೆ ಗದಗಿನ ಮನೆಮನೆಗೂ ಜ್ವರ ಹೊಕ್ಕು, ಜನರನ್ನು ಎರಡು ಮೂರು ದಿನ ಮಲಗಿಸಿ ಹೊರಟುಹೋಯಿತು. ಎದ್ದವರು ಕೆಲಸಕ್ಕೆ ಹೋದರು. ತೆಳ್ಳಗಾದರು. ಜ್ವರ ಬಂದ ಮೇಲೆ ತೆಳ್ಳಗಾಗುವುದೇನು ಹೊಸದೇ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಆಮೇಲೆ ಒಬ್ಬ ಕಿರಾಣಿ ಅಂಗಡಿಯವರು ತಮ್ಮದೇ ಅಂಗಡಿಯಲ್ಲಿ, ಅಕ್ಕಿ ಚೀಲಗಳ ನಡುವೆ ಕುಸಿದುಬಿದ್ದು ತೀರಿಕೊಂಡರು. ಹೊಟ್ಟೆಯಲ್ಲಿ ಒಂದು ಅಗುಳೂ ಇರಲಿಲ್ಲ ಎಂದು ಆಸ್ಪತ್ರೆಯವರು ಬರೆದರು. ಮನೆಯವರು ಜಗಳಕ್ಕೆ ನಿಂತರು, ನಾವೇನು ಬಡವರೇ ಎಂದರು. ಕೊನೆಯ ಸಲ ಅವರು ಯಾವಾಗ ಉಂಡರು ಎಂದು ಡಾಕ್ಟರು ಕೇಳಿದಾಗ ಹೆಂಡತಿ ಯೋಚಿಸುತ್ತ ನಿಂತುಬಿಟ್ಟಳು. ತಾನು ಯಾವಾಗ ಉಂಡೆ ಎಂಬುದೂ ಆಕೆಗೆ ನೆನಪಾಗಲಿಲ್ಲ.

ಹೊಟ್ಟೆಯಿಂದ ಮಿದುಳಿಗೆ ಒಂದು ಉದ್ದನೆಯ ನರ ಹೋಗುತ್ತದೆ. ಹೊಟ್ಟೆ ಖಾಲಿಯಾದರೆ ಮೇಲಕ್ಕೆ ಒಂದು ಸುದ್ದಿ ಹೋಗುತ್ತದೆ, ತುಂಬಿದರೆ ಇನ್ನೊಂದು. ಜ್ವರ ತಂದ ವೈರಾಣು ಆ ನರದಲ್ಲಿ ಮೇಲಕ್ಕೆ ಹೋಗುವ ಎಳೆಗಳನ್ನು ಮಾತ್ರ ತಿಂದು ಹಾಕಿತ್ತು. ಕೆಳಕ್ಕೆ ಬರುವವು ನೆಟ್ಟಗೇ ಇದ್ದವು. ಹಾಗಾಗಿ ಉಂಡದ್ದು ಅರಗುತ್ತಿತ್ತು, ನಾಲಗೆಗೆ ಉಪ್ಪು ಖಾರ ಹುಳಿ ಎಲ್ಲ ಗೊತ್ತಾಗುತ್ತಿತ್ತು. ಬೇಕು ಎಂದು ಮಾತ್ರ ಅನ್ನಿಸುತ್ತಿರಲಿಲ್ಲ. ತಿನ್ನತೊಡಗಿದರೆ ಸಾಕು ಎಂದೂ ಅನ್ನಿಸುತ್ತಿರಲಿಲ್ಲ. ಹೊಟ್ಟೆಯೊಳಗೆ ನೋವಾದರೂ ಆ ನೋವು ತಲೆಯವರೆಗೆ ಮುಟ್ಟುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದೆನೆಂದು ನನ್ನನ್ನು ಡಾಕ್ಟರು ಎಂದುಕೊಳ್ಳಬೇಡಿ. ನಾನು ದಾಕ್ಷಾಯಣಿ. ಜಿಲ್ಲಾ ಜಠರ ನಿಯಂತ್ರಣ ಕೊಠಡಿಯಲ್ಲಿ ಪರದೆಯ ಮುಂದೆ ಕೂತು ಊರಿನ ಹೊಟ್ಟೆಗಳನ್ನು ನೋಡುವುದು ನನ್ನ ಕೆಲಸ. ನನಗೂ ಜ್ವರ ಬಂದಿತ್ತು, ನನ್ನ ಹಸಿವೂ ಹೋಗಿತ್ತು. ಅದರ ಜೊತೆ ಇನ್ನೂ ಏನೇನೋ ಮಂಕಾಗಿ ಹೋದಂತಿತ್ತು. ಸಿಟ್ಟು ಬರುತ್ತಿತ್ತು, ಆದರೆ ಅರ್ಧ ದಾರಿಗೆ ಬಂದು ನಿಲ್ಲುತ್ತಿತ್ತು. ಅಳು ಬರಬೇಕಾದ ಕಡೆ ಆಕಳಿಕೆ ಬರುತ್ತಿತ್ತು. ಊರಿಗೆ ಊರೇ ಹಾಗಿದ್ದುದರಿಂದ ಅದು ರೋಗವೆಂದು ಯಾರಿಗೂ ಅನ್ನಿಸಲಿಲ್ಲ.

ಹೋಟೆಲಿನವರು ಮೊದಮೊದಲು ಕಂಗಾಲಾಗಿ ಬಾಗಿಲು ಹಾಕಿದರು. ಬಾಗಿಲು ತೆರೆಯಿರಿ ಎಂದು ಸರಕಾರವೇ ಹೇಳಬೇಕಾಯಿತು. ಯಾಕೆಂದರೆ ಮನೆಗಳಲ್ಲಿ ಜನ ಒಲೆ ಹಚ್ಚುವುದನ್ನೇ ಮರೆಯುತ್ತಿದ್ದರು. ಬಸ್‌ಸ್ಟ್ಯಾಂಡಿನ ಎದುರಿನ ಇಡ್ಲಿ ಹೋಟೆಲಿನವರು ಹಳೆಯ ದರಪಟ್ಟಿ ತೆಗೆದುಹಾಕಿ, ಆ ಜಾಗದಲ್ಲಿ ‘ನಿಮಗೆ ಹಸಿವಾಗಿದೆ’ ಎಂದು ದೊಡ್ಡ ಬೋರ್ಡು ಬರೆಸಿದರು. ಓಡಾಡುವವರು ಅದನ್ನು ಓದಿ, ಇದ್ದರೂ ಇರಬಹುದು ಎಂದು ಒಳಗೆ ಹೋಗುತ್ತಿದ್ದರು. ಮಿರ್ಚಿ ಗಿರಮಿಟ್ಟಿನ ಗಾಡಿಯವನಿಗೆ ನಷ್ಟವಾಗಲಿಲ್ಲ. ಮಿರ್ಚಿಯನ್ನು ಹಸಿವೆಗೆಂದು ನಮ್ಮೂರಲ್ಲಿ ಯಾರೂ ಯಾವತ್ತೂ ತಿಂದವರಲ್ಲ. ಅವನ ಕಷ್ಟವೇ ಬೇರೆ. ತಿನ್ನಲು ನಿಂತವರು ಅಲ್ಲಿಂದ ಕದಲುತ್ತಿರಲಿಲ್ಲ. ಕೊನೆಗೆ ಅವನು ‘ಒಬ್ಬರಿಗೆ ಒಂದೇ ಪ್ಲೇಟು, ಜಗಳ ಮಾಡಬಾರದು’ ಎಂದು ಬರೆದು ಗಾಡಿಗೆ ತೂಗುಹಾಕಿದ. ಲಾಡ್ಜಿನ ಕೆಳಗಿನ ದೊಡ್ಡ ಹೋಟೆಲು ‘ಅಳತೆ ಊಟ’ ತಂದಿತು. ಮುಚ್ಚಿದ ಡಬ್ಬಿಯ ಮೇಲೆ ಎಷ್ಟು ವಯಸ್ಸಿನವರಿಗೆ, ಎಷ್ಟು ತೂಕದವರಿಗೆ ಎಂದು ಅಚ್ಚು ಹಾಕಿರುತ್ತಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಮುಗಿಯುವವರೆಗೆ ತಿನ್ನಿರಿ, ಮುಗಿದ ಮೇಲೆ ನಿಲ್ಲಿಸಿರಿ’ ಎಂದಿರುತ್ತಿತ್ತು.

ಹೀಗೆ ಎಲ್ಲರೂ ಹೇಗೋ ಹೊಂದಿಕೊಂಡರು. ನಮ್ಮ ಖಾನಾವಳಿ ಮಾತ್ರ ಹೊಂದಿಕೊಳ್ಳಲಿಲ್ಲ. ಅದನ್ನು ನಡೆಸುತ್ತಿದ್ದವರು ನನ್ನ ಅತ್ತೆ ನೀಲವ್ವ.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಹಳೆಯ ಛಾಪಖಾನೆಗಳ ಓಣಿಯಲ್ಲಿ ನಮ್ಮದು ಎರಡಂಕಣದ ಖಾನಾವಳಿ. ಮುಂದೆ ಉಣ್ಣುವ ಜಾಗ, ಹಿಂದೆ ಒಲೆ, ಅದರ ಹಿಂದೆ ನಾವಿರುವ ಮನೆ. ಮಾವ ತೀರಿಕೊಂಡ ಮೇಲೆ ಅತ್ತೆಯೇ ರೊಟ್ಟಿ ಬಡಿದು, ಅತ್ತೆಯೇ ಬುಟ್ಟಿ ಹಿಡಿದು ಬಡಿಸಿ, ಮಗ, ಅಂದರೆ ನನ್ನ ಗಂಡ, ಮಹಾಂತೇಶನನ್ನು ಬೆಳೆಸಿದ್ದರು. ಎಷ್ಟು ರೊಟ್ಟಿ ಹಾಕಿದೆ ಎಂದು ಎಣಿಸುವುದು ನಮ್ಮಲ್ಲಿರಲಿಲ್ಲ. ಒಮ್ಮೆ ಕೂತವರು ಹೊಟ್ಟೆ ತುಂಬಿದ ಮೇಲೆಯೇ ಏಳಬೇಕು, ಎಷ್ಟು ಉಂಡರೂ ದರ ಒಂದೇ.

ನಮ್ಮ ಕಡೆ ಉಣ್ಣುವವರು ಮೂರು ಸಲ ಸಾಕು ಎನ್ನುತ್ತಾರೆ. ಮೊದಲನೆಯ ಸಾಕು ಮರ್ಯಾದೆಗೆ. ಅದನ್ನು ಅನ್ನದವನನ್ನು ಹೊಟ್ಟೆಬಾಕ ಎನ್ನುತ್ತಾರೆ, ಅದನ್ನು ಕೇಳಿ ಕೈ ನಿಲ್ಲಿಸಿದವಳನ್ನು ಜಿಪುಣಿ ಎನ್ನುತ್ತಾರೆ. ಎರಡನೆಯದಕ್ಕೆ ಬಡಿಸುವವರು ಮುನಿಸಿಕೊಳ್ಳಬೇಕು, ಏನು ಉಂಡಿರಿ ನೀವು, ಅಡುಗೆ ಸೇರಲಿಲ್ಲವೇನು ಎಂದು ಕೇಳಿ ಇನ್ನೊಂದು ಹಾಕಬೇಕು. ಮೂರನೆಯದು ಖರೆ. ಅದಕ್ಕೆ ದನಿಯೇ ಬೇರೆ ಇರುತ್ತದೆ, ಅದನ್ನು ಕೇಳಿದರೆ ಅತ್ತೆ ಬುಟ್ಟಿ ಎತ್ತಿಕೊಂಡು ಮುಂದಿನವರ ಕಡೆಗೆ ನಡೆಯುತ್ತಿದ್ದರು. ಉಣ್ಣುವವರದೂ ಒಂದು ನಿಯಮವಿತ್ತು. ತಾಟಿಗೆ ಬಿದ್ದದ್ದನ್ನು ಯಾರೂ ಬಿಟ್ಟೇಳುತ್ತಿರಲಿಲ್ಲ.

ಜ್ವರದ ನಂತರ ಊರಿಗೆ ಹೊಟ್ಟೆಪಟ್ಟಿ ಬಂತು. ಸರಕಾರಿ ಹೆಸರು ಜಠರಸೂಚಕ, ಆ ಹೆಸರಿನಿಂದ ಅದನ್ನು ಯಾರೂ ಕರೆಯಲಿಲ್ಲ. ಅಂಗಿಯ ಒಳಗೆ ಕಟ್ಟಿಕೊಳ್ಳುವ ನಾಲ್ಕು ಬೆರಳು ಅಗಲದ ಪಟ್ಟಿ. ಹೊಟ್ಟೆಯ ಸ್ನಾಯು ತನ್ನಷ್ಟಕ್ಕೆ ತಾನು ನಿಮಿಷಕ್ಕೆ ಮೂರು ಸಲದಂತೆ ಮಿಡಿಯುತ್ತಿರುತ್ತದೆ. ಪಟ್ಟಿ ಆ ಮಿಡಿತವನ್ನೂ ಹೊಟ್ಟೆಯ ಹಿಗ್ಗನ್ನೂ ಅಳೆದು, ಖಾಲಿಯಾದಾಗ ಸಣ್ಣಗೆ ಎರಡು ಸಲ ನಡುಗುತ್ತಿತ್ತು, ತುಂಬಿದಾಗ ಒಂದು ಸಲ ಉದ್ದಕ್ಕೆ ನಡುಗುತ್ತಿತ್ತು. ಅದೇ ಸುದ್ದಿ ನಮ್ಮ ಕೊಠಡಿಯ ಪರದೆಗೂ ಬರುತ್ತಿತ್ತು. ಒಂದು ಹೊಟ್ಟೆಗೆ ಒಂದು ದೀಪ. ಹಸಿರಾದರೆ ಸರಿ, ಹಳದಿಯಾದರೆ ಖಾಲಿ, ಕೆಂಪಾದರೆ ಹೆಚ್ಚಾಯಿತು. ದೀಪ ಬಹಳ ಹೊತ್ತು ಹಳದಿಯಾಗಿದ್ದರೆ ನಾವು ಫೋನು ಮಾಡಿ ಉಣ್ಣಲು ಹೇಳಬೇಕಿತ್ತು. ಕೆಂಪಾದರೆ ಪಟ್ಟಿಯ ನಡುಕವೇ ಸಾಕು ಎಂದುಕೊಂಡಿದ್ದೆವು.

ಪಟ್ಟಿಯ ಪ್ರಯೋಗ ನಡೆದದ್ದು ನಮ್ಮ ಕೊಠಡಿಯ ಹಿಂದಿನ ಲ್ಯಾಬಿನಲ್ಲಿ. ಡಾ. ನದಾಫ್ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಅದರ ಉಸ್ತುವಾರಿ. ಲಕ್ಷ್ಮೇಶ್ವರದ ಕಡೆಯವರು, ಮಾತು ಕಡಿಮೆ. ಮೊದಲ ದಿನಗಳಲ್ಲಿ ನಮ್ಮನ್ನೇ ಕೂರಿಸಿ, ಪಟ್ಟಿ ಕಟ್ಟಿ, ಅಳೆದ ಗಂಜಿ ಕುಡಿಸಿ ನೋಡುತ್ತಿದ್ದರು. ಒಂದು ದಿನ ಪಟ್ಟಿ ನಡುಗಿದ್ದನ್ನು ತೋರಿಸುತ್ತ ನಾನು ಅವರಿಗೆ ಮೂರು ಸಾಕಿನ ವಿಷಯ ಹೇಳಿದೆ.

“ನಮ್ಮ ಮನ್ಯಾಗೂ ಹಂಗರೀ,” ಎಂದರು ಅವರು. “ನಮ್ಮವ್ವ ನಾಕನೇದಕ್ಕೂ ಬಿಡಂಗಿಲ್ಲ. ಆದ್ರ ಮಷೀನಿಗೆ ನಾಚಿಕಿ ಅನ್ನೂದ ಇರಂಗಿಲ್ಲ ನೋಡ್ರಿ. ಅದು ಒಂದ ಸಲಾನ ಹೇಳ್ತೈತಿ.”

ನಾವಿಬ್ಬರೂ ನಕ್ಕೆವು. ನಗುವುದು ಇನ್ನೂ ರೂಢಿಯಲ್ಲಿತ್ತು.

ಗುರುಪಾದಪ್ಪನವರು ನಮ್ಮ ಓಣಿಯ ಹಳೆಯ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಛಾಪಖಾನೆ ಮುಚ್ಚಿದ ಮೇಲೂ ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿಗೇ ಬರುತ್ತಿದ್ದರು. ಹೆಂಡತಿ ಕಾಶವ್ವನವರಿಗೆ ಕೀಲುನೋವು, ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ಉಂಡು ಹೋಗುವಾಗ ಅವರಿಗೂ ಒಂದಿಷ್ಟು ಕಟ್ಟಿಸಿಕೊಂಡು ಹೋಗುತ್ತಿದ್ದರು. ಯಾರಿಗೂ ಎದುರು ಮಾತಾಡದ ಮನುಷ್ಯ. ಸಾರಿಗೆ ಉಪ್ಪು ಮರೆತ ದಿನವೂ ಛಲೋ ಆಗೇತ್ರಿ ಎಂದು ಹೇಳಿಯೇ ಹೋದವರು.

ಅವತ್ತು ನನಗೆ ರಜೆ. ನಾನು ಚಟ್ನಿ, ಮೊಸರು ಬಡಿಸಲು ನಿಂತಿದ್ದೆ. ಅತ್ತೆ ಎಣಗಾಯಿ ಮಾಡಿದ್ದರು. ಬಹಳ ದಿನಗಳ ಮೇಲೆ ಖಾನಾವಳಿ ತುಂಬಿತ್ತು, ಅತ್ತೆ ಖುಷಿಯಲ್ಲಿದ್ದರು. ಗುರುಪಾದಪ್ಪನವರ ಅಂಗಿಯೊಳಗೆ ಪಟ್ಟಿ ನಡುಗಿದ್ದು ನನಗೂ ಕೇಳಿಸಿತು.

“ಸಾಕ್ರಿ ನೀಲವ್ವಾರ.”

“ಏನ್ ಸಾಕ್ರಿ? ಜ್ವರದಾಗ ಅರ್ಧಾ ಆಗೀರಿ. ಹಾಕ್ಕೋರಿ.”

ಅತ್ತೆ ಹಾಕಿದರು, ಅವರು ಉಂಡರು. ಪಟ್ಟಿ ಮತ್ತೆ ನಡುಗಿತು. ಪಕ್ಕದಲ್ಲಿ ಕೂತವರು ಯಾರೋ ಮಾತಾಡಿದರು ಎಂಬಂತೆ ಅವರು ಬಗ್ಗಿ ತಮ್ಮ ಹೊಟ್ಟೆಯನ್ನು ನೋಡಿಕೊಂಡರು.

“ಸಾಕಂತ್ರಿ. ನಾ ಅಲ್ಲ, ಈ ಪಟ್ಟಿ ಅನ್ನಾಕತ್ತೈತಿ.”

“ಪಟ್ಟಿಗೇನ ಗೊತ್ತರೀ ನಿಮ್ಮ ಹೊಟ್ಟಿ? ಇಷ್ಟ ವರ್ಷ ಬಡಿಸಿದಾಕಿ ನಾನು. ಪಟ್ಟಿ ಮಾತ ಕೇಳಿ ನನ್ನ ರೊಟ್ಟಿ ಬ್ಯಾಡ ಅಂತೀರೇನ?”

ಸಾಲಿನಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಗುರುಪಾದಪ್ಪನವರು ನಾಚಿಕೊಂಡು ಮತ್ತೊಂದು ರೊಟ್ಟಿ ಮುರಿದರು. ಅತ್ತೆ ಅದಾದ ಮೇಲೆ ಇನ್ನೊಂದು ಹಾಕಿದರು, ಮತ್ತೊಂದು ಹಾಕಿದರು. ಮೂರನೇ ಸಾಕಿಗಾಗಿ ಕಾಯುತ್ತಿದ್ದರು. ಮೊದಲಿನ ಎರಡು ಸಾಕು ಬಾಯಿಂದ ಬರುವಂಥವು. ಮೂರನೆಯದು ಹೊಟ್ಟೆಯಿಂದ ಬರಬೇಕಿತ್ತು, ಅದರ ದಾರಿ ಜ್ವರದಲ್ಲೇ ಕಡಿದುಹೋಗಿತ್ತು. ಅವರು ಸುಮ್ಮನೆ ಉಣ್ಣುತ್ತ ಹೋದರು, ಇವರು ಸುಮ್ಮನೆ ಬಡಿಸುತ್ತ ಹೋದರು. ಆಮೇಲೆ ಅನ್ನ ಬಂತು, ಮಜ್ಜಿಗೆ ಬಂತು.

ಅವರು ಕೈತೊಳೆದು, ಊಟ ಭಾಳ ಛಲೋ ಆಗಿತ್ರಿ ಎಂದರು. ಕಾಶವ್ವನವರಿಗೆ ಕಟ್ಟಿಸಿಕೊಂಡ ಗಂಟನ್ನು ಕೈಯಲ್ಲಿ ಹಿಡಿದು ಬಾಗಿಲ ಮೆಟ್ಟಿಲ ಮೇಲೆ ಕೂತರು. ಯಾಕೋ ಕಾಲು ಬರವಲ್ವು ಎಂದರು. ಮುಖ ಬಿಳಿಚಿತ್ತು, ನೋವಿನ ಗುರುತು ಇರಲಿಲ್ಲ. ಮಹಾಂತೇಶ ಆಟೋ ತಂದು ಆಸ್ಪತ್ರೆಗೆ ಒಯ್ದ. ಹೊಟ್ಟೆ ಮಿತಿಮೀರಿ ಹಿಗ್ಗಿ ಒಳಗೆ ರಕ್ತದ ಓಡಾಟ ನಿಂತುಹೋಗಿದೆ, ಆರೋಗ್ಯವಂತನಾದರೆ ಇದರ ಅರ್ಧಕ್ಕೇ ನೋವು ತಾಳದೆ ಕೂಗಿಕೊಳ್ಳುತ್ತಿದ್ದ ಎಂದು ಅಲ್ಲಿ ಹೇಳಿದರಂತೆ. ಮರುದಿನ ಬೆಳಗ್ಗೆ ಅವರು ತೀರಿಕೊಂಡರು.

ಅಧಿಕಾರಿಗಳು ಬಂದರು. ಅತ್ತೆಯನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ. ಹೇಳಿದ್ದನ್ನು ಬರೆದುಕೊಂಡು, ಇನ್ನು ಮೇಲೆ ಊರಿನ ಯಾವ ಖಾನಾವಳಿಯಲ್ಲೂ ಕೈಯಿಂದ ಬಡಿಸಕೂಡದು ಎಂದು ಆದೇಶ ಮಾಡಿ ಹೋದರು. ಮಹಾಂತೇಶ ಮುಂಬಾಗಿಲಿಗೆ ಹಲಗೆ ಹೊಡೆಸಿ ಒಂದು ಕಿಂಡಿ ಮಾಡಿದ. ರೊಟ್ಟಿ ಬಡಿಯಲು ಇಬ್ಬರು ಹೆಂಗಸರು ಬಂದರು. ಎರಡು ರೊಟ್ಟಿ, ಒಂದು ಪಲ್ಯ, ಇಷ್ಟು ಅನ್ನ, ಡಬ್ಬಿ ಮುಚ್ಚಿ ಕಿಂಡಿಯಿಂದ ಆಚೆಗೆ. ವ್ಯಾಪಾರ ಮೊದಲಿಗಿಂತ ಚೆನ್ನಾಗಿ ನಡೆಯಿತು, ಯಾರೂ ಕೂರುತ್ತಿರಲಿಲ್ಲ, ಯಾರೂ ಮಾತಾಡುತ್ತಿರಲಿಲ್ಲ. ಒಂದು ಮುಂಜಾನೆ ಮಹಾಂತೇಶ ಕಿಂಡಿಯ ಹತ್ತಿರ ನಿಂತು, “ಇದು ಖಾನಾವಳಿನೋ ರೇಷನ್ ಅಂಗಡಿನೋ ತಿಳಿವಲ್ದು,” ಎಂದ. ಹೇಳಿ ಮತ್ತೆ ಡಬ್ಬಿ ತುಂಬತೊಡಗಿದ.

ಅತ್ತೆ ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತುಬಿಟ್ಟರು. ಅಳಲಿಲ್ಲ. ಉಣ್ಣುವುದು ನಿಂತಿತು. ಅದು ಹಟವಲ್ಲ, ವ್ರತವೂ ಅಲ್ಲ. ಹಟ ಮಾಡಿ ಉಪವಾಸ ಕೂತವರನ್ನು ಮೂರನೆಯ ದಿನಕ್ಕಾದರೂ ಹಸಿವು ಹಿಡಿದು ಎಬ್ಬಿಸುತ್ತದೆ. ಇವರನ್ನು ಎಬ್ಬಿಸಲು ಒಳಗೆ ಯಾರೂ ಇರಲಿಲ್ಲ. ಡಬ್ಬಿ ಒಯ್ದು ಇಟ್ಟರೆ “ಅಲ್ಲಿಡು” ಎನ್ನುತ್ತಿದ್ದರು. ಸಂಜೆ ಅದು ಇಟ್ಟಲ್ಲೇ ಇರುತ್ತಿತ್ತು. ಮಗ ತುತ್ತು ಮಾಡಿ ಬಾಯಿಗಿಟ್ಟರೆ ಬೇಡವೆನ್ನುತ್ತಿರಲಿಲ್ಲ, ಬಾಯಲ್ಲಿ ಇಟ್ಟುಕೊಂಡು ಅವನು ಎದ್ದುಹೋದ ಮೇಲೆ ಸೆರಗಿಗೆ ಉಗುಳುತ್ತಿದ್ದರು. ನೀರು ಕುಡಿಯುತ್ತಿದ್ದರು. ಸೊಂಟದಲ್ಲಿ ಪಟ್ಟಿ ಸಣ್ಣಗೆ ಎರಡು ಸಲ, ಮತ್ತೆ ಎರಡು ಸಲ ನಡುಗುತ್ತಲೇ ಇರುತ್ತಿತ್ತು.

ಕೊಠಡಿಯಲ್ಲಿ ನನ್ನ ಪರದೆಯ ಮೇಲೆ ಅವರ ದೀಪ ಹಳದಿಯಾಯಿತು. ನಿಯಮದಂತೆ ನಾನೇ ಫೋನು ಮಾಡಬೇಕು, ಬರೆದುಕೊಟ್ಟದ್ದನ್ನು ಬರೆದುಕೊಟ್ಟಂತೆಯೇ ಓದಬೇಕು, ಮಾತು ದಾಖಲಾಗುತ್ತದೆ.

“ನಮಸ್ಕಾರ. ಜಿಲ್ಲಾ ಜಠರ ನಿಯಂತ್ರಣ ಕೊಠಡಿಯಿಂದ ಮಾತನಾಡುತ್ತಿದ್ದೇವೆ. ತಮ್ಮ ಹೊಟ್ಟೆ ಖಾಲಿ ಇರುವುದು ಕಂಡುಬಂದಿದೆ. ದಯವಿಟ್ಟು ಊಟ ಮಾಡಿ.”

“ದಾಕ್ಷಾ ಏನವ್ವಾ?”

“ಹೌದ್ರಿ ಅತ್ತಿ.”

“ಗೊತ್ತಾತು. ಇಡು.”

ನಾನು ಇಟ್ಟೆ. ‘ಸೂಚನೆ ನೀಡಲಾಗಿದೆ’ ಎಂಬಲ್ಲಿ ಗುರುತು ಹಾಕಿ ಮುಂದಿನ ಹಳದಿ ದೀಪಕ್ಕೆ ಹೋದೆ. ನನಗೆ ಎದೆ ಒಡೆಯಬೇಕಿತ್ತು. ಒಡೆಯಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಡಾ. ನದಾಫ್ ನನ್ನನ್ನು ಲ್ಯಾಬಿಗೆ ಕರೆಸಿದರು. ಅತ್ತೆಯ ಪಟ್ಟಿಯ ಗೆರೆಗಳು ಅವರ ಮುಂದಿನ ಪರದೆಯ ಮೇಲಿದ್ದವು. ಅಲೆಗಳು ತಗ್ಗಿ ತಗ್ಗಿ ನೇರ ಗೆರೆಯಾಗುತ್ತ ಬಂದಿದ್ದವು.

“ಹೊಟ್ಟಿ ಮಿಡಿಯೂದ ಕಡಿಮಿ ಆಗಾಕತ್ತೈತ್ರಿ ಅಕ್ಕಾರ. ಇವತ್ತ ನಾಳಿ ಒಳಗ ಉಣ್ಣದಿದ್ರ ವಾರ್ಡಿಗೆ ಒಯ್ಯಬೇಕಾಕ್ಕೈತಿ. ಮೂಗಿನ್ಯಾಗ ನಳಿಗಿ ಇಡ್ತಾರ.”

“ಇಟ್ರ ಉಳೀತಾರಲ್ರೀ?”

ಅವರು ಪರದೆಯಿಂದ ನನ್ನ ಕಡೆ ತಿರುಗಿದರು. “ಈ ವಯಸ್ಸಿನವರು ಹೋದ ತಿಂಗಳ ಭಾಳ ಮಂದಿ ಬಂದಿದ್ರು. ನಳಿಗಿಲೆ ಹಾಕಿದ್ದನ್ನ ಹೊಟ್ಟಿ ತಗೊಳ್ಳಲಿಲ್ಲ. ತಾವ ಅಗದು ನುಂಗಿದವರ ಹೊಟ್ಟಿ ತಿರುಗಿ ಮಿಡದೈತಿ. ನಿಮ್ಮ ಮುಂದ ಸುಳ್ಳ ಯಾಕ ಹೇಳ್ಲಿ? ಮನ್ಯಾಗ ತಮ್ಮ ಕೈಲೆ ಉಂಡ್ರ ಉಳೀತಾರ.”

ನಾನು ಬಂದು ಪರದೆಯ ಮುಂದೆ ಕೂತೆ. ನಮ್ಮ ಓಣಿಯ ಭಾಗವನ್ನು ದೊಡ್ಡದು ಮಾಡಿಕೊಂಡೆ. ಕಿಂಡಿಯ ಊಟದವರೆಲ್ಲ ಹಸಿರಾಗಿದ್ದರು. ಹಳದಿ ದೀಪಗಳು ಎರಡೇ ಇದ್ದವು. ಒಂದು ನಮ್ಮ ಮನೆಯದು. ಇನ್ನೊಂದು ಓಣಿಯ ಆ ತುದಿಯದು. ಅದನ್ನು ಒತ್ತಿದೆ. ಕಾಶವ್ವ, ಗುರುಪಾದಪ್ಪನವರ ಹೆಂಡತಿ. ಪಕ್ಕದಲ್ಲಿ ‘ಕರೆ ಸ್ವೀಕರಿಸಿಲ್ಲ’ ಎಂದು ಬರೆದಿತ್ತು, ಅದರ ಕೆಳಗೆ ಮತ್ತೆ ಅದನ್ನೇ ಬರೆದಿತ್ತು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ರೊಟ್ಟಿ, ಅನ್ನ ಮಾಡಿಕೊಂಡು ಹೋಗಿ, ಎದುರಿಗೆ ಕೂತು, ಬೇಡವೆಂದರೂ ಬಿಡದೆ ಉಣ್ಣಿಸಿ ಬರುತ್ತಾರೆ. ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುವ ಪದ್ಧತಿ ಇದು. ಕಾಶವ್ವನವರಿಗೆ ಯಾರೂ ಒಯ್ದಿರಲಿಲ್ಲ. ಓಣಿಯವರು ಕೆಟ್ಟವರಲ್ಲ. ಮಣ್ಣಿಗೆ ಎಲ್ಲರೂ ಬಂದಿದ್ದರು, ಒಳ್ಳೆಯ ಮಾತಾಡಿದ್ದರು. ಆದರೆ ತಮ್ಮ ಹೊಟ್ಟೆಯ ನೆನಪೇ ಇಲ್ಲದವರಿಗೆ ಪಕ್ಕದ ಮನೆಯ ಹೊಟ್ಟೆ ಹೇಗೆ ನೆನಪಾಗಬೇಕು? ನನಗೂ ಆಗಿರಲಿಲ್ಲ. ಪರದೆ ನೋಡುವ ತನಕ ನನಗೂ ಆ ಯೋಚನೆ ಬಂದಿರಲಿಲ್ಲ.

ಒಬ್ಬರ ಹೊಟ್ಟೆಯ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳಕೂಡದು ಎಂದು ನಮ್ಮಿಂದ ಸಹಿ ಹಾಕಿಸಿಕೊಂಡಿದ್ದರು. ನಾನು ಪಕ್ಕದವಳಿಗೆ ಪರದೆ ನೋಡಿಕೋ ಎಂದು ಹೇಳಿ ಮನೆಗೆ ಹೊರಟೆ.

ಅತ್ತೆ ಇದ್ದಲ್ಲೇ ಇದ್ದರು. ಎದುರಿಗೆ ಕೂತೆ.

“ಅತ್ತಿ, ಕಾಶವ್ವಾರು ಉಂಡಿಲ್ರಿ.”

ಅವರು ಕಣ್ಣು ತೆರೆದರು.

“ಗುರುಪಾದಪ್ಪಾರು ಹೋದಾಗಿಂದ ಉಂಡಿಲ್ಲ ಕಾಣಸ್ತೈತಿ.”

“ಮಂದಿ ಒಯ್ದ ಕೊಟ್ಟಿಲ್ಲೇನ?”

“ಯಾರೂ ಕೊಟ್ಟಿಲ್ಲ.”

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ಆ ಮನೆಯ ಹೊಸ್ತಿಲು ತುಳಿಯಲು ತನಗೆ ಮುಖವಿಲ್ಲ ಎಂದು ಅವರು ಯೋಚಿಸುತ್ತಿರಬಹುದು ಎಂದುಕೊಂಡೆ. ಅವರು ಎರಡೂ ಕೈ ನೆಲಕ್ಕೆ ಊರಿ ಎದ್ದು ನಿಂತರು, ತೂರಾಡಿದರು. ಹಿಡಿಯಲು ಹೋದರೆ ಕೈ ಬಿಡಿಸಿಕೊಂಡರು.

“ಒಲಿ ಹಚ್ಚು ನಡಿ.”

ರೊಟ್ಟಿ ಬಡಿಯುವ ಹೆಂಗಸರು ಜಾಗ ಬಿಟ್ಟುಕೊಟ್ಟರು. ಅತ್ತೆ ಕೂತು ಹಿಟ್ಟು ನಾದಿದರು. ರೊಟ್ಟಿಗಳ ಅಂಚು ಒಡೆದವು. ಅವರ ಕೈಯಿಂದ ಒಡಕು ರೊಟ್ಟಿ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಝುಣಕ ಮಾಡಿದರು. ಬುಟ್ಟಿಗೆ ಬಟ್ಟೆ ಮುಚ್ಚಿ ನನ್ನ ಕೈಗೆ ಕೊಟ್ಟರು. ಕಿಂಡಿಯ ಹತ್ತಿರ ಮಹಾಂತೇಶ “ಅವ್ವಾ” ಎಂದ. ಅವರು ತಿರುಗಿ ನೋಡದೆ ಹೋದರು.

ಕಾಶವ್ವನವರ ಮನೆಯ ಬಾಗಿಲು ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ಅವರು ಕಾಲು ಚಾಚಿ ನೆಲದ ಮೇಲೆ ಕೂತಿದ್ದರು. ಮುಖದ ಎಲುಬು ಎದ್ದು ಕಾಣುತ್ತಿತ್ತು. ಅತ್ತೆಯನ್ನು ನೋಡಿ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅತ್ತೆ ಬಾಗಿಲಲ್ಲೇ ನಿಂತರು. ನಾನು ಗೂಡಿನಿಂದ ಒಂದು ತಾಟು ತಂದು ತೊಳೆದು ಇಟ್ಟೆ. ಅತ್ತೆ ಬಗ್ಗಿ ಎರಡು ರೊಟ್ಟಿ, ಝುಣಕ, ಚಟ್ನಿ ಹಾಕಿದರು.

ಕಾಶವ್ವ ತಾಟು ಮುಟ್ಟಲಿಲ್ಲ.

“ಅವತ್ತ ಅವರು ಎಷ್ಟ ರೊಟ್ಟಿ ಉಂಡ್ರು?”

“ನಮ್ಮಲ್ಲೆ ಎಣಿಸಂಗಿಲ್ರಿ ಕಾಶವ್ವಾರ.”

“ಹೌದ?”

“ಹೌದ್ರಿ. ಎಣಿಸಿದ್ರ ಅವ್ರು ಉಳೀತಿದ್ರು.”

ಆ ಮಾತನ್ನು ಅತ್ತೆ ಅಲ್ಲಿಯವರೆಗೆ ಯಾರ ಮುಂದೂ ಹೇಳಿರಲಿಲ್ಲ. ಹೇಳಿ ನಿಂತೇ ಇದ್ದರು. ಕಾಶವ್ವ ತಲೆಯಾಡಿಸಿದರು. ಅದು ಹೌದೆಂದೋ ಅಲ್ಲವೆಂದೋ ನನಗೆ ತಿಳಿಯಲಿಲ್ಲ.

“ನನಗ ಹೆಂಗ ಉಣ್ಣೂದು ಅನ್ನೂದ ಮರತಂಗಾಗೇತ್ರಿ,” ಎಂದರು ಅವರು. “ಅವ್ರು ಇದ್ದಾಗ ಗಂಟ ಬಿಚ್ಚಿ ಇಡ್ತಿದ್ರು, ಉಣ್ಣು ಅಂತಿದ್ರು, ಉಣ್ತಿದ್ದೆ. ಈಗ ಎದುರಿಗೆ ಇಟ್ರ ನೋಡ್ಕೋತ ಕುಂದರ್ತೀನಿ. ಇನ್ನೊಂದ ತಾಟ ತಗೋರಿ. ನೀವ ಉಣ್ರಿ, ನಾ ನೋಡಿ ಉಣ್ತೀನಿ.”

ಬಡಿಸುವವರು ಉಣ್ಣುವವರ ಜೊತೆ ಕೂರುವುದು ನಮ್ಮ ಖಾನಾವಳಿಯಲ್ಲಿ ಇರಲಿಲ್ಲ. ಎಲ್ಲರದೂ ಮುಗಿದ ಮೇಲೆ, ಒಲೆಯ ಮುಂದೆ, ಉಳಿದದ್ದನ್ನು ಅತ್ತೆ ಉಣ್ಣುತ್ತಿದ್ದರು. ನಾನು ತಾಟು ತಂದು ಇಟ್ಟೆ. ಅತ್ತೆ ಕೂತರು, ಆದರೆ ತಮ್ಮ ತಾಟಿಗೆ ಏನನ್ನೂ ಹಾಕಿಕೊಳ್ಳಲಿಲ್ಲ. ಬರಿ ಕೈಯನ್ನು ತಾಟಿನ ಅಂಚಿಗೆ ಇಟ್ಟುಕೊಂಡು ಕೂತರು.

ಕಾಶವ್ವ ಕಾದು ನೋಡಿ, ತಾವೇ ಮೊದಲು ರೊಟ್ಟಿ ಮುರಿದು ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ಒಂದು ಮುಗಿಸಿದರು. ಎರಡನೆಯದನ್ನೂ ಮುಗಿಸಿದರು. ತಾಟು ಖಾಲಿಯಾದದ್ದೇ ಅತ್ತೆಯ ಕೈ ತಾನಾಗಿ ಬುಟ್ಟಿಗೆ ಹೋಯಿತು, ಮತ್ತೊಂದು ರೊಟ್ಟಿ ಕಾಶವ್ವನವರ ತಾಟಿನ ಮೇಲಕ್ಕೆ ಬಂದು ಅಲ್ಲೇ ನಿಂತಿತು.

ಕಾಶವ್ವ ರೊಟ್ಟಿಯನ್ನಲ್ಲ, ಅತ್ತೆಯ ಮುಖವನ್ನು ನೋಡುತ್ತಿದ್ದರು.

“ನಾ ಸಾಕ ಅನ್ನೂದಿಲ್ರಿ ನೀಲವ್ವಾರ. ನನಗ ತಿಳಿಯೂದಿಲ್ಲ. ಪಟ್ಟಿ ಈಗ ತಾಸಿನ ಹಿಂದ ಬಿಚ್ಚಿ ಇಟ್ಟೀನಿ. ನೀವ ಎಷ್ಟ ಹಾಕ್ತೀರಿ ಅಷ್ಟ ಉಣ್ತೀನಿ. ನಿಮ್ಮ ಕೈಯಾಗ ಬಿಟ್ಟದ್ದು.”

ಆ ಮಾತಿನಲ್ಲಿ ಸಿಟ್ಟಿತ್ತೋ, ನಂಬಿಕೆ ಇತ್ತೋ, ಎರಡೂ ಇತ್ತೋ, ಈಗಲೂ ನನಗೆ ಹೇಳಲು ಬರುವುದಿಲ್ಲ. ರೊಟ್ಟಿಯ ಒಡೆದ ಅಂಚಿನಿಂದ ಒಂದು ಚೂರು ಕಾಶವ್ವನವರ ತಾಟಿಗೆ ಬಿತ್ತು. ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಹೋದರು.

ಅತ್ತೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆ ರೊಟ್ಟಿಯನ್ನು ಬುಟ್ಟಿಗೆ ಹಾಕಲಿಲ್ಲ, ತಮ್ಮ ತಾಟಿಗೆ ಹಾಕಿಕೊಂಡರು. ಝುಣಕ ಹಾಕಿಕೊಂಡರು. ಮುರಿದು ಬಾಯಿಗಿಟ್ಟು ಅಗಿದರು. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ನುಂಗಿದರು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳದೆ ಇನ್ನೊಂದು ತುತ್ತು ಮುರಿದರು.

ಅದನ್ನು ಉಂಡು ಮುಗಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಕಾಶವ್ವ ಎಂಜಲು ಕೈಯಲ್ಲೇ ಎದುರಿಗೆ ಕೂತಿದ್ದರು. ಅತ್ತೆಯ ಊಟ ಮುಗಿಯುವವರೆಗೆ ಅವರು ಏಳಲಿಲ್ಲ.